ಅವರು ಹೇಳಿದ ಮಾತನ್ನು ಬರೆದುಕೊಳ್ಳುವುದು ಹೇಗೆ

ಕೇರಳದ ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಹೊಸದಾಗಿ ಸೇರುವ ಕೌನ್ಸೆಲರ್‌ಗಳಿಗೆ, ಮಹಿಳಾ ಪೊಲೀಸರಿಗೆ, ಹಿಂಸೆಗೊಳಗಾದ ಹೆಂಗಸರ ದೂರು ಬರೆದುಕೊಳ್ಳುವ ತರಬೇತಿ ಕೊಡುವಾಗ ಕಾನೂನಿಗೆ ಹೋಗುವ ಮೊದಲು ನಾನು ಬೋರ್ಡಿನಲ್ಲಿ ಒಂದು ಶಬ್ದ ಬರೆಯುತ್ತೇನೆ: ಉಪದ್ರ.

ನಮ್ಮ ಕಡೆಯ ಹೆಂಗಸರು ಎಲ್ಲವನ್ನೂ ಈ ಒಂದು ಶಬ್ದದಲ್ಲಿ ಹೇಳಿ ಮುಗಿಸುತ್ತಾರೆ. ಅತ್ತೆ ಬೈದರೂ ಉಪದ್ರ, ಗಂಡ ಕುಡಿದು ಬಂದು ಹೊಡೆದರೂ ಉಪದ್ರ, ರಾತ್ರಿ ಬೇಡವೆಂದರೂ ಬಿಡದಿದ್ದರೆ ಅದೂ ಉಪದ್ರವೇ. ನನ್ನ ಕೆಲಸದ ಮೊದಲ ವರ್ಷ ಪೆರ್ಲದ ಕಡೆಯ ಒಬ್ಬರು ಮುಕ್ಕಾಲು ಗಂಟೆ ನನ್ನೆದುರು ಕೂತು ಮಾತಾಡಿದರು. ಗಂಡ ಕುತ್ತಿಗೆ ಅಮುಕಿದ್ದನ್ನು ಹೇಳಿದರು, ಸೆರಗು ಸರಿಸಿ ಗುರುತನ್ನೂ ತೋರಿಸಿದರು. ಮಲಯಾಳದಲ್ಲಿ ವರದಿ ಬರೆಯುವಾಗ ನಾನು ‘ಉಪದ್ರವಂ’ ಎಂದಷ್ಟೇ ಬರೆದೆ. ಮುಂದೆ ಕೋರ್ಟಿನಲ್ಲಿ ಎದುರು ವಕೀಲರು ಕೇಳಿದರು: ಕುತ್ತಿಗೆಯ ವಿಷಯ ಮೊದಲೇ ಯಾಕೆ ಹೇಳಲಿಲ್ಲ? ಅವರು ಹೇಳಿದ್ದರು. ಬರೆಯದೆ ಬಿಟ್ಟವಳು ನಾನು.

ಆದ್ದರಿಂದ ಮೊದಲು ಅವರ ವಾಕ್ಯವನ್ನು ಅವರ ಬಾಯಿಂದ ಬಂದ ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆಯಿರಿ. ತುಳುವಿನಲ್ಲಿ ಹೇಳಿದರೆ ತುಳುವನ್ನೇ ಬರೆಯಿರಿ. ಮಲಯಾಳ ಅದರ ಕೆಳಗೆ ಬರಲಿ. ‘ಪೀಡನೆ’ ಎಂಬ ಶಬ್ದದಲ್ಲಿ ವಿಶೇಷ ಎಚ್ಚರ ಬೇಕು: ಕನ್ನಡದಲ್ಲಿ ಅದು ಯಾವ ಹಿಂಸೆಯೂ ಆಗಬಹುದು, ಮಲಯಾಳ ಪತ್ರಿಕೆ ಓದುವವರಿಗೆ ಬರಿಯ ‘ಪೀಡನಂ’ ಅಂದರೆ ಹೆಚ್ಚಾಗಿ ಲೈಂಗಿಕ ಹಿಂಸೆ.

‘ಹೊಡೆದರಾ?’ ಎಂದು ಕೇಳಬೇಡಿ, ಉತ್ತರ ನೀವೇ ಕೊಟ್ಟ ಹಾಗಾಗುತ್ತದೆ. ‘ಉಪದ್ರ ಅಂದ್ರೆ ಎಂತ ಮಾಡಿದ್ರು ಅಕ್ಕಾ?’ ಎಂದು ಕೇಳಿ, ಪೆನ್ನು ಕೆಳಗಿಟ್ಟು ಕಾಯಿರಿ. ಈ ಕಾಯುವುದನ್ನೇ ತರಬೇತಿಯಲ್ಲಿ ಕಲಿಸಲು ಅತ್ಯಂತ ಕಷ್ಟ. ಜೊತೆಗೆ ಬಂದ ನಾದಿನಿಯನ್ನೋ ಮಲಯಾಳ ಮೀಡಿಯಂ ಓದುವ ಮಗಳನ್ನೋ ದುಭಾಷಿ ಮಾಡಬೇಡಿ. ಮಗಳೆದುರು ಯಾವ ತಾಯಿಯೂ ಪೂರ್ತಿ ಹೇಳಲಾರಳು.

ತಾರೀಕಿಗಾಗಿ ಹಟ ಹಿಡಿಯಬೇಡಿ. ತೋಟದ ಮನೆಯವರಿಗೆ ಕ್ಯಾಲೆಂಡರ್ ಬೇರೆಯೇ ಇದೆ. ‘ಅಡಿಕೆಗೆ ಎರಡನೇ ಮದ್ದು ಬಿಟ್ಟ ದಿನ ಸಂಜೆ’ ಎಂದರೆ ಹಾಗೆಯೇ ಬರೆಯಿರಿ. ಮದ್ದು ಬಿಡಲು (ಸಿಂಪಡಿಸಲು) ಬಂದವರ ಸಂಬಳದ ಲೆಕ್ಕ ಮನೆಯಲ್ಲಿ ಎಲ್ಲಾದರೂ ಇದ್ದೇ ಇರುತ್ತದೆ. ತಾರೀಕು ಅಲ್ಲಿ ಸಿಗುತ್ತದೆ, ಸಾಕ್ಷಿಯೂ ಸಿಗುತ್ತಾನೆ. ನೀವೇ ಅಂದಾಜಿನಲ್ಲಿ ಒಂದು ತಾರೀಕು ಹಾಕಿದರೆ ಅದು ತಪ್ಪಿದ ದಿನ ಸುಳ್ಳುಗಾರ್ತಿ ಅನ್ನಿಸಿಕೊಳ್ಳುವವರು ಅವರು.

ಗಡಿಯ ಪ್ರಶ್ನೆ ಇಲ್ಲಿ ದಿನನಿತ್ಯದ್ದು. ಮದುವೆಯಾಗಿ ವಿಟ್ಲಕ್ಕೋ ಪುತ್ತೂರಿಗೋ ಹೋದವರು ಪೆಟ್ಟು ತಿಂದು ತವರಿಗೆ ಬಂದಿರುತ್ತಾರೆ. ‘ಕರ್ನಾಟಕದಲ್ಲಿ ನಡೆದದ್ದು, ಅಲ್ಲಿಗೇ ಹೋಗಿ’ ಎನ್ನುವ ಹಾಗಿಲ್ಲ. 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿಯ ಬದಲಿಗೆ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ, ವಾರಂಟ್ ಇಲ್ಲದೆ ಬಂಧಿಸಬಹುದಾದ (ಸಂಜ್ಞೇಯ) ಅಪರಾಧ ಎಲ್ಲಿಯೇ ನಡೆದಿದ್ದರೂ ಮಾಹಿತಿಯನ್ನು ಯಾವ ಠಾಣೆಯಲ್ಲೂ ದಾಖಲಿಸಿಕೊಳ್ಳಬೇಕು. ಗಂಡನ ಮನೆಯ ಕ್ರೌರ್ಯದಿಂದ ಓಡಿಬಂದವರು ಆಶ್ರಯ ಪಡೆದ ಊರಿನಲ್ಲೇ ಪ್ರಕರಣ ನಡೆಸಬಹುದೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2005ರ ಕೌಟುಂಬಿಕ ಹಿಂಸೆ ಕಾನೂನಿನಲ್ಲಿಯೂ ತಾತ್ಕಾಲಿಕವಾಗಿ ಇರುವ ಊರಿನ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದು.

ಅತ್ಯಾಚಾರದ ದೂರಾದರೆ ಬರೆದುಕೊಳ್ಳುವವರು ಮಹಿಳಾ ಅಧಿಕಾರಿಯೇ ಆಗಬೇಕು. ಸಂತ್ರಸ್ತೆಯ ಒಪ್ಪಿಗೆ ಪಡೆದು, ಮಾಹಿತಿ ಸಿಕ್ಕ 24 ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆಗೆ ಕಳಿಸಬೇಕು. ಚಿಕಿತ್ಸೆ ಖಾಸಗಿ ಆಸ್ಪತ್ರೆಯಲ್ಲೂ ಉಚಿತ. ಉಟ್ಟಿದ್ದ ಬಟ್ಟೆ ತೊಳೆಯದೆ ಕಾಗದದ ಚೀಲದಲ್ಲಿರಲಿ. ಪ್ಲಾಸ್ಟಿಕ್‌ನಲ್ಲಿ ಕಟ್ಟಿದರೆ ನಮ್ಮ ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿದು ಪುರಾವೆಯೇ ಹಾಳಾಗುತ್ತದೆ.

ಸಹಿಗೆ ಮೊದಲು ಓದಿ ಹೇಳುವುದು ಕಾನೂನಿನಲ್ಲೇ ಇದೆ. ಅದನ್ನು ಅವರ ಭಾಷೆಯಲ್ಲಿ, ನಿಧಾನವಾಗಿ ಓದಿ. ಒಮ್ಮೆ ಹೀಗೆ ಓದುತ್ತಿದ್ದಾಗ ‘ದೂಡಿದರು’ ಎಂಬಲ್ಲಿ ಒಬ್ಬರು ನನ್ನ ಕೈ ಹಿಡಿದು ನಿಲ್ಲಿಸಿದರು. ‘ದೂಡಿದ್ದಲ್ಲ ಮೇಡಂ, ಜುಟ್ಟು ಹಿಡಿದು ಮೆಟ್ಟಿಲಿಂದ ಎಳೆದದ್ದು.’ ಹೊಡೆದು ಹಾಕಿ ತಿದ್ದಿದೆ, ತಿದ್ದಿದಲ್ಲಿ ಅವರಿಂದಲೇ ಸಹಿ ಹಾಕಿಸಿದೆ.

ಎಫ್‌ಐಆರ್‌ನ ಪ್ರತಿ ಉಚಿತವಾಗಿ ಸಿಗಬೇಕು, ಕೇಳಿ ಕೊಡಿಸಿ. ಅದನ್ನು ಎಲ್ಲಿಡುತ್ತೀರಿ ಎಂದೂ ಕೇಳಿ. ರೇಷನ್ ಕಾರ್ಡಿನ ಜೊತೆ ಎಂದರೆ ಬೇಡವೆನ್ನಿ, ಗಂಡ ಮೊದಲು ಹುಡುಕುವುದು ಅಲ್ಲಿಯೇ. ನಂಬಿಕೆಯ ಒಬ್ಬರ ಮನೆ ಗೊತ್ತುಮಾಡಿಕೊಂಡು, ಮಹಿಳಾ ಸಹಾಯವಾಣಿ 181ರ ಸಂಖ್ಯೆಯನ್ನು ಬಾಯಿಪಾಠ ಮಾಡಿಸಿ ಕಳಿಸಿ.