ನೀರಿನಲ್ಲಿ ಬಿದ್ದ ಬೆಟ್ಟ: ವೆಟ್ ಪ್ಲೇಟ್‌ನಲ್ಲಿ ಪ್ರತಿಬಿಂಬ ಹಿಡಿಯುವುದು

1861ರಲ್ಲಿ ಅಮೆರಿಕದ ಛಾಯಾಗ್ರಾಹಕ ಕಾರ್ಲ್‌ಟನ್ ವಾಟ್ಕಿನ್ಸ್ 18×22 ಇಂಚಿನ ಗಾಜಿನ ಪ್ಲೇಟುಗಳನ್ನು ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಗೆ ಹೊತ್ತೊಯ್ದ. ಅವನದು ವೆಟ್ ಪ್ಲೇಟ್ ವಿಧಾನ: ಗಾಜಿಗೆ ಕೊಲೋಡಿಯನ್ ಎಂಬ ಅಂಟುದ್ರಾವಣ ಸುರಿದು, ಬೆಳ್ಳಿಯ ಲವಣದಲ್ಲಿ ಅದ್ದಿ, ಒದ್ದೆಯಿರುವಾಗಲೇ ಚಿತ್ರ ತೆಗೆಯುವುದು. ಅವನ ಮಿರರ್ ಲೇಕ್ ಚಿತ್ರಗಳಲ್ಲಿ ಬೆಟ್ಟ ಮೇಲೂ ಇದೆ, ನೀರೊಳಗೂ ಇದೆ, ಮನುಷ್ಯರ ಸುಳಿವಿಲ್ಲ. ಯಾರೂ ಕಾಲಿಡದ ನೆಲ ಅನ್ನುವ ಭಾವನೆಗೆ ಆ ನಿಂತ ನೀರು ಸಾಕ್ಷಿಯಂತಾಯಿತು. ಆದರೆ 1851ರಲ್ಲಷ್ಟೇ ಮಾರಿಪೋಸಾ ಬೆಟಾಲಿಯನ್ ಎಂಬ ಸಶಸ್ತ್ರ ಪಡೆ ಅಲ್ಲಿನ ಮೂಲನಿವಾಸಿಗಳಾದ ಅಹ್ವಾನೀಚಿ ಜನರನ್ನು ಕಣಿವೆಯಿಂದ ಓಡಿಸಿತ್ತು!

ನಿಂತ ನೀರು ಕನ್ಯೆ ನೆಲದ ಸಂಕೇತವಾದದ್ದರಲ್ಲಿ ಅರ್ಧ ಭಾಗ ರಸಾಯನದ್ದು ಎಂಬುದು ನನ್ನ ಅಭಿಪ್ರಾಯ. ಕೊಲೋಡಿಯನ್‌ಗೆ ಕಾಣುವುದು ಹೆಚ್ಚಾಗಿ ನೀಲಿ ಮತ್ತು ಅತಿನೇರಳೆ. ಆಕಾಶ ಬೋಳಾಗಿ ಬೆಳ್ಳಗಾಗುತ್ತದೆ, ದೂರದ ಬೆಟ್ಟ ಮಂಜಿನಲ್ಲಿ ಸವೆದುಹೋಗುತ್ತದೆ. ನೀರು ಹಿಂದಿರುಗಿಸುವ ಬೆಳಕು ಕಮ್ಮಿ: ನೀರಿನ ಮಟ್ಟದಿಂದ 10 ಡಿಗ್ರಿ ಮೇಲೆ ಕಾಣುವ ಬೆಟ್ಟದ ಬುಡದಿಂದ ಬಂದದ್ದರಲ್ಲಿ ಶೇ 40ರ ಹತ್ತಿರ, 20 ಡಿಗ್ರಿ ಮೇಲೆ ಕಾಣುವ ತುದಿಯಿಂದ ಶೇ 13ರಷ್ಟು. ಹಾಗಾಗಿ ಮೇಲೆ ಮಾಸಿದ ಬಂಡೆ ನೀರಿನಲ್ಲಿ ಗಟ್ಟಿಯಾಗಿ ಮೂಡುತ್ತದೆ. ನಾನು 8×10 ಇಂಚಿನ ಪ್ಲೇಟಿಗೆ ಎಕ್ಸ್‌ಪೋಷರ್ ಲೆಕ್ಕ ಹಾಕುವುದು ಪ್ರತಿಬಿಂಬವನ್ನು ನೋಡಿಯೇ.

ಟ್ರೈಪಾಡ್ ಮಂಡಿಯೆತ್ತರಕ್ಕೆ ಇಳಿಸಿ. ಕ್ಯಾಮೆರಾ ನೀರಿನಿಂದ ಎಷ್ಟು ಮೇಲಿದೆಯೋ ಅಷ್ಟೇ ಕೆಳಗಿನಿಂದ ನೋಡಿದ ನೋಟ ಪ್ರತಿಬಿಂಬದಲ್ಲಿರುತ್ತದೆ. ಎತ್ತರದಲ್ಲಿಟ್ಟರೆ ದಡದ ಮರಗಳು ಬಿಂಬದ ಬೆಟ್ಟವನ್ನು ಮುಚ್ಚಿಬಿಡುತ್ತವೆ. ಫೋಕಸ್ ಬೆಟ್ಟದ ಮೇಲಿರಲಿ, ನೀರಿನ ಮೇಲಲ್ಲ. ಕ್ಯಾಮೆರಾ ಹಿಂಬದಿಯ ಮಸುಕು ಗಾಜಾದ ಗ್ರೌಂಡ್ ಗ್ಲಾಸ್‌ನಲ್ಲಿ ಬೆಟ್ಟ ತಲೆಕೆಳಗು, ಬಿಂಬ ನೆಟ್ಟಗೆ. ಯಾವುದು ಯಾವುದೆಂದು ತೇಲುವ ಒಂದು ಎಲೆಯೇ ಹೇಳಬೇಕು.

ಗಾಳಿ ಏಳುವ ಮುನ್ನ ಮುಗಿಸಿ. ಆದರೆ ಮುಂಜಾನೆಯ ಬೆಳಕಿನಲ್ಲಿ ಅತಿನೇರಳೆ ಕಮ್ಮಿ, ಲೆನ್ಸಿನ ಕಿರಿದಾದ ತೆರವು ಎಫ್/32ರಲ್ಲಿ ಅರ್ಧ ನಿಮಿಷವೂ ಬೇಕಾಗಬಹುದು. ನಡುವೆ ಅಲೆ ಎದ್ದರೆ ಬಿಂಬ ಕಲಸಿದ ಹಿಟ್ಟು.

ಕೊಲೋಡಿಯನ್ ಸುರಿದು, ಅಂಚು ಹೆಪ್ಪಾದಮೇಲೆ ಶೇ 9ರ ಸಿಲ್ವರ್ ನೈಟ್ರೇಟ್‌ನಲ್ಲಿ 3 ನಿಮಿಷ ಅದ್ದಿ. ನಮ್ಮ ಸೆಕೆಗೆ ಪ್ಲೇಟ್ ಬೇಗ ಒಣಗುತ್ತದೆ. ದ್ರಾವಣದಿಂದ ತೆಗೆದ 5 ನಿಮಿಷದೊಳಗೆ ಚಿತ್ರ ತೆಗೆದು, ಅದನ್ನು ಮೂಡಿಸುವ ಡೆವಲಪರ್ ಬೀಳಬೇಕು. ಪ್ಲೇಟ್ ಹಿಡಿದಿಡುವ ಹೋಲ್ಡರ್‌ನ ಕೆಳ ಅಂಚಿನಲ್ಲಿ ಸಿಲ್ವರ್ ಶೇಖರವಾಗಿ ಕಲೆ ಬೀಳುತ್ತದೆ. ಚಿತ್ರ ತಲೆಕೆಳಗಾದ್ದರಿಂದ ಆ ಕಲೆ ಆಕಾಶಕ್ಕೆ ಹತ್ತುತ್ತದೆ, ನೀರಿಗಲ್ಲ. ಅಂಚಿಗೆ ಬ್ಲಾಟಿಂಗ್ ಪೇಪರ್ ಒತ್ತಿದರೆ ಅದೂ ತಪ್ಪುತ್ತದೆ. ಫೆರಸ್ ಸಲ್ಫೇಟ್ ಡೆವಲಪರನ್ನು ಒಂದೇ ಬೀಸಿಗೆ ಹರಡಿ. ಅರೆಗಳಿಗೆ ತಡೆದರೆ ಅಡ್ಡಗೆರೆ ಉಳಿಯುತ್ತದೆ. ಅದು ನೀರಿನ ಭಾಗದಲ್ಲಿದ್ದರೆ ನೋಡುವವರು ಅದನ್ನೇ ದಡ ಅಂದುಕೊಳ್ಳುತ್ತಾರೆ.