ಕ್ಯಾರಲ್ ಸಂಜೆ: ಓದುವವರು ಕೊನೆಯ ಚರಣಕ್ಕೇ ಏಳಲಿ
ಚರ್ಚಿನ ಕ್ಯಾರಲ್ ಸಂಜೆಯಲ್ಲಿ, ಅಂದರೆ ಕ್ರಿಸ್‌ಮಸ್ ಹಾಡುಗಳ ಆರಾಧನೆಯಲ್ಲಿ, ಹಾಡುಗಳ ನಡುವೆ ಬೈಬಲಿನ ಪಾಠ ಓದುವವರು ಹಾಡು ಮುಗಿದ ಮೇಲೆ ಎದ್ದು ಬರಬಾರದು. ಕೊನೆಯ ಚರಣ ಶುರುವಾಗುತ್ತಿದ್ದ ಹಾಗೇ ಹೊರಟು, ಆರ್ಗನ್ ನಿಲ್ಲುವ ಹೊತ್ತಿಗೆ ಪುಟ ತೆರೆದು ಮೈಕಿನ ಮುಂದೆ ನಿಂತಿರಬೇಕು. ಜನರೆಲ್ಲ ನಿಂತು ಹಾಡುತ್ತಿರುವುದರಿಂದ ನಡೆದು ಹೋದದ್ದು ಯಾರ ಕಣ್ಣಿಗೂ ಬೀಳದು, ಬೆಂಚುಗಳ ಸದ್ದು ಅಡಗುವಷ್ಟರಲ್ಲಿ ಓದು ಶುರು. ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿ 1918ರಿಂದ ನಡೆದು ಬಂದ ಒಂಬತ್ತು ಪಾಠಗಳ ಕ್ರಮವನ್ನೇ ಇಟ್ಟುಕೊಂಡಿದ್ದರೆ, ಪಾಠಕ್ಕೆ ಅರ್ಧ ನಿಮಿಷ ಅಂದರೂ ನಾಲ್ಕೂವರೆ ನಿಮಿಷ ಉಳಿಯಿತು. ಅದಕ್ಕಿಂತ ಹೆಚ್ಚಾಗಿ, ಖಾಲಿ ಹೊತ್ತು ತುಂಬಲು ಆರ್ಗನ್‌ನವರು ಏನೋ ಒಂದು ನುಡಿಸುತ್ತ ಕೂರುವುದು ತಪ್ಪುತ್ತದೆ. ಗಾಯನವೃಂದ ಮಾತ್ರ ಹಾಡಿ ಜನ ಕೂತು ಕೇಳುವ ಕಡೆ ಇದು ನಡೆಯದು, ಚಪ್ಪಲಿ ಸದ್ದೇ ಎದ್ದು ಕೇಳುತ್ತದೆ. ಅಂಥ ಹಾಡಿನ ನಂತರ ಓದುವವರನ್ನು ಮೊದಲೇ ಮುಂದಿನ ಸಾಲಿನ ತುದಿಯಲ್ಲಿ ಕೂರಿಸಿ. ಮೇಣದಬತ್ತಿ ಬೆಳಕಾದರೆ ಮೆಟ್ಟಿಲ ಅಂಚಿಗೆ ಬಿಳಿ ಟೇಪ್ ಅಂಟಿಸಿ. ಹಾಡಿಗೆ ನಾಲ್ಕು ಚರಣವಿದ್ದರೆ ಓದುವವರ ಹಾಳೆಯ ಮೇಲೆ ‘4ನೇ ಚರಣಕ್ಕೆ ಏಳಿ’ ಎಂದು ದಪ್ಪಗೆ ಬರೆದುಕೊಡಿ. ಆರ್ಗನ್‌ನವರು ಯಾವುದಾದರೂ ಚರಣ ಬಿಡುವವರಿದ್ದರೆ ಅದನ್ನು ಮುಂಚೆಯೇ ಕೇಳಿಕೊಳ್ಳಿ, ಎಡವಟ್ಟಾಗುವುದು ಅಲ್ಲೇ.