ಗರಗಸ ಇಡುವ ಮೊದಲು: ಹಳೆಯ ಲೀ-ಎನ್‌ಫೀಲ್ಡ್ ಜತೆಗಿನ ನನ್ನ ಅನುಭವ

ಪೆನ್ಸಿಲ್ವೇನಿಯಾದಲ್ಲಿ ಜಿಂಕೆ ಬೇಟೆಗೆ ಹಗುರವಾದ ರೈಫಲ್ ಬೇಕೆಂದು, ಬ್ರಿಟಿಷ್ ಸೇನಾ ಮಾದರಿಯ ಹಳೆಯ ಲೀ-ಎನ್‌ಫೀಲ್ಡ್ ಒಂದನ್ನು ಕೊಂಡಿದ್ದೆ. ಚಿಕ್ಕಂದಿನಲ್ಲಿ ನಮ್ಮೂರ ಪೊಲೀಸರ ಹೆಗಲ ಮೇಲೆ ಕಂಡಿದ್ದ ಅದೇ ‘ತ್ರೀ ನಾಟ್ ತ್ರೀ’. ಮುಂಭಾಗದ ಮರವನ್ನು ಕೊಯ್ದು, ನಳಿಗೆಯ ಹಿಂದಿನ ಲೋಹದ ಒಡಲಾದ ರಿಸೀವರ್‌ಗೆ ತೂತು ಕೊರೆದು ಸ್ಕೋಪ್ (ಗುರಿ ಹಿಡಿಯುವ ದುರ್ಬೀನು) ಕೂರಿಸಬೇಕೆಂದಿದ್ದೆ. 1950 ಮತ್ತು 60ರ ದಶಕಗಳಲ್ಲಿ, ಸೇನೆಗಳು ವಿಲೇವಾರಿ ಮಾಡಿದ ರೈಫಲ್‌ಗಳು ಅಮೆರಿಕದಲ್ಲಿ ಅಗ್ಗವಾಗಿ ಸಿಗುತ್ತಿದ್ದಾಗ ಬಹಳಷ್ಟು ಬೇಟೆಗಾರರು ಮಾಡಿದ್ದೂ ಇದನ್ನೇ; ಕೊಯ್ಯದೆ ಉಳಿದವುಗಳಿಗೆ ಇಂದು ಬೆಲೆ ಬಂದಿರುವುದಕ್ಕೆ ಅದೂ ಒಂದು ಕಾರಣ.

ನಾನು ಮೊದಲ ಹೆಜ್ಜೆಯಲ್ಲೇ ಎಡವಿದೆ. ಕಪ್ಪುಗಟ್ಟಿದ್ದ ಬಟ್ (ಹೆಗಲಿಗೊರಗುವ ಹಿಂಭಾಗದ ಮರ) ಹೊಳೆಯಲೆಂದು ಉಪ್ಪುಕಾಗದ ಹಾಕಿ ತಿಕ್ಕುತ್ತಿರುವಾಗ, ಮರದಲ್ಲಿ ಒತ್ತಿದ್ದ ಮುದ್ರೆಯೊಂದು ಅರ್ಧ ಅಳಿಸಿಹೋದದ್ದು ಕಣ್ಣಿಗೆ ಬಿತ್ತು. ಅಲ್ಲಿಗೇ ನಿಲ್ಲಿಸಿ, ಉಳಿದ ಮುದ್ರೆಗಳನ್ನು ಓದಲು ಕುಳಿತೆ.

ಒಳಗೆ ಗುಂಡಿಲ್ಲವೆಂದು ಮತ್ತೊಮ್ಮೆ ನೋಡಿಕೊಂಡು, ಬಟ್ ಬಂದು ಸೇರುವ ಲೋಹದ ಕೊರಳಿನ ಬಲಬದಿಯನ್ನು ಎಣ್ಣೆಬಟ್ಟೆಯಿಂದ ಒರೆಸಿದೆ. ಕಿರೀಟ, ಅದರಡಿಯಲ್ಲಿ ‘ಜಿ ಆರ್ ಐ’, ಇಶಾಪುರ, 1942: ಬಂಗಾಳದ ಇಶಾಪುರ ಕಾರ್ಖಾನೆಯ ರೈಫಲ್ ಅದು. ಜಾರ್ಜ್ ದೊರೆಗಳ ಕಾಲದಲ್ಲಿ ಇಂಗ್ಲೆಂಡಿನಲ್ಲಿ ತಯಾರಾದವುಗಳ ಮೇಲೆ ‘ಜಿ ಆರ್’ (ಜಾರ್ಜ್ ದೊರೆ) ಎಂದಷ್ಟೇ ಇರುತ್ತದೆ. ಕೊನೆಯ ‘ಐ’, ಚಕ್ರವರ್ತಿ ಎಂಬರ್ಥದ ಲ್ಯಾಟಿನ್ ಪದದ ಮೊದಲಕ್ಷರ. ಮಾದರಿಯ ಅಂಕಿಯ ಪಕ್ಕದಲ್ಲಿದ್ದ ನಕ್ಷತ್ರವು, ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, ತಯಾರಿಕೆ ಬೇಗ ಸಾಗಲೆಂದು ಕೆಲವು ಭಾಗಗಳನ್ನು ಕೈಬಿಟ್ಟ ರೂಪದ ಗುರುತು.

ಸಂಗ್ರಹಕಾರರು ತಯಾರಕರ ಹೆಸರಿನಷ್ಟೇ ಗಮನವಿಟ್ಟು ನೋಡುವುದು ಸರಣಿ ಸಂಖ್ಯೆಗಳ ಹೊಂದಾಣಿಕೆಯನ್ನು. ರಿಸೀವರ್, ನಳಿಗೆ, ಗುಂಡು ಏರಿಸುವ ಬೋಲ್ಟಿನ ಹಿಡಿ, ಮೂತಿಯ ಲೋಹದ ಕವಚ ಎಲ್ಲದರಲ್ಲೂ ಒಂದೇ ಸಂಖ್ಯೆ ಸಿಕ್ಕಿತು. ನನ್ನನ್ನು ಕಾಡಿದ್ದು ಮುಂಭಾಗದ ಮರಕ್ಕೆ ಅಡ್ಡಲಾಗಿ ತೂರಿಸಿದ್ದ ತಿರುಪು. ಹಿಂದಿನ ಮಾಲೀಕರು ಯಾರೋ ಮಾಡಿದ ಒರಟು ರಿಪೇರಿ ಎಂದು ಮನಸ್ಸಿನಲ್ಲೇ ಅವರನ್ನು ಬೈದುಕೊಂಡು, ಬೆಲೆಯನ್ನೂ ಕಡಿಮೆ ಅಂದಾಜಿಸಿದ್ದೆ. ಆಮೇಲೆ ತಿಳಿಯಿತು, ಮರ ಸೀಳದಿರಲೆಂದು ಇಶಾಪುರದಲ್ಲೇ ಹೀಗೆ ತಿರುಪು ಹಾಕುವ ರೂಢಿಯಿತ್ತು, ಅದು ದೋಷವಲ್ಲ, ರೈಫಲ್ಲಿನ ಚರಿತ್ರೆಯದೇ ಭಾಗ.

ಬೆಲೆಗಾಗಿ, ಮಾರುವವರು ಕೇಳುವ ಮೊತ್ತವನ್ನು ಬಿಟ್ಟು, ಹರಾಜುಗಳಲ್ಲಿ ನಿಜಕ್ಕೂ ಮಾರಾಟವಾದ ಮೊತ್ತಗಳನ್ನಷ್ಟೇ ಆರು ತಿಂಗಳ ಹಿಂದಿನವರೆಗೂ ಹುಡುಕಿ ಬರೆದುಕೊಂಡೆ. ಮರ ಕೊಯ್ದವುಗಳು ಇಡಿಯಾಗಿದ್ದವುಗಳ ಅರ್ಧದ ಆಸುಪಾಸಿಗೆ ಹೋಗಿದ್ದವು. ಕೊಯ್ದ ಮರಕ್ಕೆ ಬದಲಿ ಹುಡುಕಬಹುದು. ರಿಸೀವರ್‌ಗೆ ಕೊರೆದ ತೂತನ್ನು ಮುಚ್ಚಿದರೂ ಗುರುತು ಉಳಿಯುತ್ತದೆ. ಇದಲ್ಲದೆ, 50 ವರ್ಷ ದಾಟಿ ಮೂಲರೂಪದಲ್ಲಿರುವ ಬಂದೂಕನ್ನು ಸಂಗ್ರಹಕಾರರ ಪರವಾನಗಿಯುಳ್ಳವರು ಬೇರೆ ರಾಜ್ಯದಿಂದಲೂ ನೇರವಾಗಿ ತರಿಸಿಕೊಳ್ಳಲು ಅಮೆರಿಕದ ಕೇಂದ್ರ ಕಾನೂನು ಅವಕಾಶ ಕೊಡುತ್ತದೆ. ರೂಪ ಬದಲಿಸಿದರೆ ಆ ಸೌಲಭ್ಯ ತಪ್ಪಬಹುದು, ಕೊಳ್ಳುವವರೂ ಕಡಿಮೆಯಾಗುತ್ತಾರೆ.

ಕೊನೆಗೆ, ದಶಕಗಳ ಹಿಂದೆಯೇ ಯಾರೋ ಮರ ಕೊಯ್ದು ತೂತನ್ನೂ ಕೊರೆದಿದ್ದ ಇನ್ನೊಂದು ಲೀ-ಎನ್‌ಫೀಲ್ಡ್ ಕೊಂಡು, ಬಂದೂಕು ರಿಪೇರಿಯವರಿಂದ ಪರೀಕ್ಷೆ ಮಾಡಿಸಿ, ಸ್ಕೋಪನ್ನು ಅದಕ್ಕೆ ಕೂರಿಸಿದೆ. ಇಶಾಪುರದ್ದರ ಮರಕ್ಕೆ ವರ್ಷಕ್ಕೊಮ್ಮೆ ಅಗಸೆ ಎಣ್ಣೆ ಸವರುತ್ತೇನೆ, ಆ ಅರ್ಧ ಮುದ್ರೆಯ ಮೇಲೂ.